ಎಡಗಣ್ಣಿನ ಕಿಂಡಿ

೧

ಎಲ್ಲಿಂದ ಶುರು ಮಾಡುವುದು?

ರಟ್ಟಿನ ಪೆಟ್ಟಿಗೆಯಿಂದ ಶುರು ಮಾಡಬಹುದು. ಪೆಟ್ಟಿಗೆ ಬಿಚ್ಚುವುದರಿಂದ ಆರಂಭವಾಗುವ ಕಥೆಗೆ ಒಂದು ಅನುಕೂಲವಿದೆ, ಒಳಗೇನಿದೆ ಎಂದು ಗೊತ್ತಾಗುವ ತನಕವಾದರೂ ಓದುವವರು ಎದ್ದುಹೋಗುವುದಿಲ್ಲ. ಇಲ್ಲವೇ ಅಣ್ಣನ ತಲೆಯಿಂದ ಶುರು ಮಾಡಬಹುದು; ಅದು ಸಾಕಷ್ಟು ದೊಡ್ಡ ತಲೆ, ಒಂದು ಪುಟ ತುಂಬುತ್ತದೆ. ಅದೂ ಬೇಡವೆಂದರೆ ನಾಟಕದ ಕೊನೆಯ ದೃಶ್ಯದಿಂದ: ಕವಚ ತೊಟ್ಟ ರಾಜ, ಎತ್ತರದ ಕಟ್ಟೆ, ಕೆಂಪು ಬೆಳಕು, ಕತ್ತಿ. ಈ ಕಥೆ ಬರೆಯುತ್ತಿರುವ ಮಹಾಶಯ ಮೂರನ್ನೂ ಬರೆದು ನೋಡಿದ. ಮೂರನೆಯದು ತುಂಬ ಚೆನ್ನಾಗಿ ಬಂತು. ತನಗೆ ಅಷ್ಟು ಚೆನ್ನಾಗಿ ಬರೆಯಲು ಬರುವುದಿಲ್ಲವೆಂದು ಗೊತ್ತಿದ್ದುದರಿಂದ ಅನುಮಾನ ಬಂದು ಹೊಡೆದುಹಾಕಿದ.

ಪೆಟ್ಟಿಗೆಯೇ ಇರಲಿ.

ಪೆಟ್ಟಿಗೆ ಬಂದದ್ದು ತಂಗಿಯ ಹೊಲಿಗೆ ಕೋಣೆಗೆ. (ಯಾರ ತಂಗಿ ಎಂದು ಈಗಲೇ ಹೇಳಿಬಿಡುತ್ತೇವೆ, ಆ ದೊಡ್ಡ ತಲೆಯ ಅಣ್ಣನ ತಂಗಿ.) ಶಾಲೆಗಳ ಸಮವಸ್ತ್ರ, ಆಸ್ಪತ್ರೆಯ ಪರದೆ, ಸೋಫಾದ ಕವರು ಹೊಲಿದು ಬದುಕುವವಳು ಅವಳು. ಬಿಡುವಿದ್ದಾಗ ಬೀದಿಯ ಕೊನೆಯಲ್ಲಿರುವ ನಾಟಕ ತಂಡಕ್ಕೂ ಹೊಲಿದುಕೊಡುತ್ತಿದ್ದಳು. ಆ ತಂಡದಲ್ಲಿ ಕತ್ತಿ, ಕಿರೀಟ, ಕವಚ ಮಾಡುತ್ತಿದ್ದವನು ಬೇರೆ ಕೆಲಸ ಸಿಕ್ಕಿ ಹೊರಟುಹೋಗಿದ್ದ. ನಿರ್ದೇಶಕಿಯೇ ಪೆಟ್ಟಿಗೆ ಹೊತ್ತು ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, ಇದೂ ಹೊಲಿಗೆಯ ಹಾಗೇ, ತುಂಡು ಸೇರಿಸುವ ಕೆಲಸ, ನಿನ್ನ ಕೈಗೆ ಸುಲಭ ಎಂದರು. ಹೊಲಿಗೆ ಬಾರದವರು ಮಾತ್ರ ಹೀಗೆ ಹೇಳಬಲ್ಲರು ಎಂದು ತಂಗಿ ಮನಸ್ಸಿನಲ್ಲೇ ಅಂದುಕೊಂಡಳು. ಆದರೂ ಒಪ್ಪಿದಳು. ಒಪ್ಪದೆ ಇರುವುದಕ್ಕೆ, ಒಳಗಿದ್ದುದನ್ನು ತೊಡಬೇಕಾದ್ದು ಬೇರೆ ಯಾರ ತಲೆಯೂ ಆಗಿರಲಿಲ್ಲವಲ್ಲ, ಅಣ್ಣನದೇ.

೨

ಅಣ್ಣ ಒಂದು ಗೋದಾಮಿನಲ್ಲಿ ಗುಮಾಸ್ತ. (ಈ ವಾಕ್ಯವನ್ನು ಸದ್ಯಕ್ಕೆ ನಂಬಿ. ಮುಂದೆ ಇದರ ಬಗ್ಗೆ ಜಗಳವಿದೆ.)

ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಹೋಗುವುದು ಅವನ ಬಹಳ ವರ್ಷಗಳ ರೂಢಿ. ಆದರೆ ಅಷ್ಟು ವರ್ಷಗಳಲ್ಲಿ ಅವನಿಗೆ ಸಿಕ್ಕ ಪಾತ್ರಗಳು ಕಾವಲುಗಾರ, ಸುದ್ದಿ ತರುವ ದೂತ, ಮತ್ತು ಹೆಣ. ಹೆಣವಾಗಿ ಅವನಿಗೆ ಒಳ್ಳೆಯ ಹೆಸರಿತ್ತು. ಒಮ್ಮೆ ಯಾರೋ ಕಾಲು ತುಳಿದರೂ ಅಲ್ಲಾಡದೆ ಮಲಗಿದ್ದನಂತೆ. ಯಾರ ಹತ್ತಿರವೂ ಏನನ್ನೂ ಕೇಳದ ಮನುಷ್ಯ. ಊಟಕ್ಕೆ ಕೂತರೆ ಉಪ್ಪು ಕಡಿಮೆಯಾದರೂ ಕೇಳುವವನಲ್ಲ. ಅಂಥವನು ಈ ಸಲ ನಿರ್ದೇಶಕಿಯ ಮುಂದೆ ಹೋಗಿ ನಿಂತು, ರಾಜನ ಪಾತ್ರ ನನಗೆ ಕೊಡಿ ಎಂದು ಕೇಳಿದ್ದ. ಕೇಳಿದ ರೀತಿಗೋ ಏನೋ, ಅವರು ಕೊಟ್ಟುಬಿಟ್ಟರು. ನಾಟಕದುದ್ದಕ್ಕೂ ರಾಜ ಶಿರಸ್ತ್ರಾಣ ತೊಟ್ಟೇ ಇರುತ್ತಾನೆ. ಕೊನೆಗೆ, ಕಟ್ಟೆಯ ಮೇಲೆ ಕತ್ತಿಯ ಕಾಳಗ ಮುಗಿದ ಮೇಲೆ, ಅದನ್ನು ತೆಗೆಯುತ್ತಾನೆ. ಆಗಲೇ ಜನ ಅವನ ಮುಖ ನೋಡುವುದು.

(ಶಿರಸ್ತ್ರಾಣ ಎಂಬ ಪದವನ್ನು ಮಹಾಶಯ ಬಹಳ ಆಸೆಪಟ್ಟು ಬರೆದ. ಕಥೆಯೊಳಗೆ ಯಾರೂ ಹಾಗೆ ಅನ್ನುವುದಿಲ್ಲ. ನಿರ್ದೇಶಕಿಗೆ ಅದು ಹೆಲ್ಮೆಟ್, ಅಣ್ಣನಿಗೆ ಹೆಲ್ಮೆಟ್ಟು, ತಂಗಿಗೆ ‘ಈ ದರಿದ್ರ’. ಇನ್ನು ಮುಂದೆ ನಮಗೂ ಹೆಲ್ಮೆಟ್ಟೇ.)

೩

ಪೆಟ್ಟಿಗೆಯೊಳಗೆ ಬೂದು ಬಣ್ಣದ ಪ್ಲಾಸ್ಟಿಕ್ಕಿನ ತುಂಡುಗಳಿದ್ದವು. ತಲೆಯ ಎಡಭಾಗ, ತಲೆಯ ಬಲಭಾಗ, ಮುಖಕ್ಕೊಂದು ತಟ್ಟೆ, ಕತ್ತಿನ ಹಿಂದಕ್ಕೊಂದು ಪಟ್ಟಿ. ಜೊತೆಗೆ ಒಂದು ಚೀಲದಲ್ಲಿ ರಿವೆಟ್ಟುಗಳು, ಗಲ್ಲಕ್ಕೆ ಕಟ್ಟುವ ಬೆಲ್ಟು, ಒಳಗೆ ಅಂಟಿಸಲು ಸ್ಪಂಜು. ಪ್ರತಿ ತುಂಡಿನ ಸುತ್ತಲೂ ಅಚ್ಚಿನಿಂದ ಎತ್ತಿದಾಗ ಉಳಿದ ಹೆಚ್ಚಿನ ಪ್ಲಾಸ್ಟಿಕ್ಕು ಜಾಲರಿಯಂತೆ ಚಾಚಿಕೊಂಡಿತ್ತು. ಅದನ್ನೆಲ್ಲ ಕತ್ತರಿಸಿ ಅಂಚು ನಯ ಮಾಡಬೇಕು. ಮುಖದ ತಟ್ಟೆಯಲ್ಲಿ ಕಣ್ಣಿನ ಜಾಗ ತೆರೆದಿರಲಿಲ್ಲ, ಬರೀ ಗೆರೆ ಇತ್ತು. ಸೂಚನೆಯ ಕಾಗದದಲ್ಲಿ ಚಿತ್ರಗಳು ಮಾತ್ರ. ಒಂದು ಚಿತ್ರದಲ್ಲಿ ಕತ್ತರಿಯ ಮೇಲೆ ಅಡ್ಡಗೆರೆ ಎಳೆದಿತ್ತು.

ತಂಗಿ ಆ ಚಿತ್ರವನ್ನು ನೋಡಿದ್ದು ಕತ್ತರಿ ಹಾಕಿದ ಮೇಲೆ.

ಟಪ್ಪೆಂದು ಸದ್ದಾಗಿ, ಜಾಲರಿಯಲ್ಲಿ ಹುಟ್ಟಿದ ಬಿರುಕು ಕೂದಲೆಳೆಯಂತೆ ಓಡಿ ಕಿವಿಯ ಮೇಲ್ಭಾಗದಲ್ಲಿ ನಿಂತಿತು. ಅವಳು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋಗಿ, ಇಸ್ತ್ರಿಯಾಗಿದ್ದ ಅಂಗಿಗಳಿಗೇ ಇನ್ನೊಮ್ಮೆ ಇಸ್ತ್ರಿ ಹಾಕಿದಳು. ಬಟ್ಟೆ ಬೇರೆ. ಬಟ್ಟೆಯಲ್ಲಿ ತಪ್ಪಾದರೆ ಬಿಚ್ಚಬಹುದು, ಒಳಗೆ ಒಂದಿಷ್ಟು ಮಡಚಿ ಬಿಟ್ಟಿದ್ದರೆ ಮೈ ಬಂದ ಹಾಗೆ ಬಿಡಿಸಿಕೊಳ್ಳಬಹುದು, ಏನೂ ಆಗದಿದ್ದರೆ ತುಂಡನ್ನು ತಿರುವಿ ತೋಳಿಗೆ ಹಾಕಬಹುದು. ಈ ವಸ್ತುವಿಗೆ ಕ್ಷಮಿಸುವ ಸ್ವಭಾವವೇ ಇಲ್ಲ. ಇನ್ನೂ ಒಂದೂ ತುಂಡು ಸೇರಿಸಿಲ್ಲ. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಕಿಟಕಿ ತೆರೆಯಬೇಕೆನಿಸುತ್ತಿತ್ತು.

(ಇಲ್ಲಿ ಅವಳಿಗೆ ಬಾಲ್ಯದ ನೆನಪೊಂದು ಬರುವಂತೆ ಮಹಾಶಯ ಬರೆದಿದ್ದ: ಅಣ್ಣ ಅವಳಿಗೆ ಸೈಕಲ್ಲು ಕಲಿಸಿದ್ದು, ಅವಳು ಬಿದ್ದದ್ದು ಇತ್ಯಾದಿ. ತನಗೆ ಆಗ ಬಂದದ್ದು ನೆನಪಲ್ಲ, ಪ್ಲಾಸ್ಟಿಕ್ಕಿನ ವಾಸನೆಗೆ ಕೆಮ್ಮು ಎಂದು ಅವಳು ಹೇಳಿದ್ದರಿಂದ ಸೈಕಲ್ಲನ್ನು ತೆಗೆಯಲಾಗಿದೆ.)

ಆಮೇಲೆ ಒಂದೊಂದಾಗಿ ಕಲಿತಳು. ಹೇರ್ ಡ್ರೈಯರಿನಿಂದ ಬಿಸಿ ಮಾಡಿದರೆ ಪ್ಲಾಸ್ಟಿಕ್ಕು ಸ್ವಲ್ಪ ಮೆತ್ತಗಾಗುತ್ತದೆ. ಕಟ್ಟರನ್ನು ಒತ್ತಿ ಕೊಯ್ಯಬಾರದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹಗುರವಾಗಿ ಎಳೆದು, ಕೊನೆಗೆ ಬಾಗಿಸಿದರೆ ಬಿಸ್ಕತ್ತಿನ ಹಾಗೆ ಮುರಿದು ಬರುತ್ತದೆ. ಮುರಿದ ಅಂಚಿಗೆ ಸ್ಯಾಂಡ್‌ಪೇಪರು. ಉಜ್ಜಿದ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಬೇಕು. ಬಿರುಕಿಗೆ ಒಳಗಿಂದ ತೇಪೆ ಹಾಕಿದಳು. ತೇಪೆಯಲ್ಲಾದರೂ ಅವಳನ್ನು ಮೀರಿಸುವವರಿರಲಿಲ್ಲ.

ಅಣ್ಣ ಬಂದು ಕೂತಾಗ ಟೇಪು ಹಿಡಿದು ತಲೆಯ ಅಳತೆ ತೆಗೆದಳು. ಎದೆ, ಸೊಂಟ, ಭುಜ ಅಳೆದ ಕೈಗೆ ತಲೆ ಹೊಸದು. ಟೇಪು ಹಣೆಯ ಮೇಲೆ ಜಾರುತ್ತಿತ್ತು. ಅಳತೆ ನೋಡಿ, ಎರಡು ಅರ್ಧಗಳು ನಡುವೆ ಕೂಡುವುದಿಲ್ಲ, ಸಂದು ಬಿಡುತ್ತದೆ ಎಂದಳು. ಅಣ್ಣ ನಕ್ಕು, ಸಂದಿಗೆ ಒಂದು ಜುಟ್ಟು ಮಾಡು ಸೂಜಿ, ರಾಜನಿಗೆ ಜುಟ್ಟಿದ್ದರೆ ಶೋಭೆ ಎಂದ. (ಸೂಜಿ ಎಂದು ಅವಳನ್ನು ಕರೆಯುವವನು ಅವನೊಬ್ಬನೇ.) ಅದು ಒಳ್ಳೆಯ ಸಲಹೆಯೇ ಆಗಿತ್ತು. ಸಂದಿನ ಉದ್ದಕ್ಕೂ ಜುಟ್ಟಿನಂತೆ ಎದ್ದುನಿಲ್ಲುವ ಒಂದು ಏಣು ಕೂರಿಸಿ ಎರಡೂ ಕಡೆ ರಿವೆಟ್ಟು ಹೊಡೆದಳು. ಮುಖದ ತಟ್ಟೆಯನ್ನು ಕಿವಿಯ ಹತ್ತಿರ ಎರಡು ಬದಿಗೂ ರಿವೆಟ್ಟಿನಿಂದ ಬಿಗಿದಳು. ಕಣ್ಣು ಕೊರೆಯದ ಹೆಲ್ಮೆಟ್ಟನ್ನೇ ತಲೆಗೇರಿಸಿಕೊಂಡ ಅಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡ. ತನ್ನ ಅಣ್ಣನಿಗೆ ಅಷ್ಟು ಎತ್ತರವಿದೆ ಎಂದು ತಂಗಿಗೆ ಗೊತ್ತಿರಲಿಲ್ಲ.

೪

ಕಣ್ಣಿನ ಕಿಂಡಿಗಳನ್ನು ಅವಳು ಕೊನೆಗಿಟ್ಟುಕೊಂಡಿದ್ದಳು.

ಎರಡನ್ನೂ ಗೆರೆಗೆ ಸರಿಯಾಗಿ ಕೊರೆದು, ನಯ ಮಾಡಿ, ಮಧ್ಯಾಹ್ನ ಅಣ್ಣನನ್ನು ಕರೆಸಿದಳು. ಅವನು ಜೇಬಿನಲ್ಲಿದ್ದುದನ್ನೆಲ್ಲ ತೆಗೆದು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟು, ತಂಡದ ಹಳೆಯ ಎದೆಕವಚ ತೊಟ್ಟು, ಹೆಲ್ಮೆಟ್ಟು ಹಾಕಿಕೊಂಡ. ಬಲಗಡೆ ಚೆನ್ನಾಗಿ ಕಾಣುತ್ತಿದೆ, ಎಡಗಡೆ ಕೊರೆಯುವುದು ಬಿಟ್ಟುಹೋಗಿದೆ ಎಂದ. ಕೊರೆದಿದ್ದೇನೆ ಎಂದಳು. ಹಾಗಾದರೆ ಸ್ಪಂಜು ಅಡ್ಡ ಬಂದಿರಬೇಕು ಎಂದ. ಸ್ಪಂಜು ಕಿತ್ತಳು. ಇನ್ನೂ ಕತ್ತಲೆ ಎಂದ. ಬಿಚ್ಚಿಸಿ, ಬಿಸಿ ಮಾಡಿ, ಕಿಂಡಿಯನ್ನು ಮೇಲಕ್ಕೆ ಒಂಚೂರು ಕೊರೆದಳು. ಇಲ್ಲ. ಮೂಗಿನ ಕಡೆಗೆ ಕೊರೆದಳು. ಇಲ್ಲ. ಕಿವಿಯ ಕಡೆಗೆ ಮಾತ್ರ ಹೋಗಲಿಲ್ಲ, ಅಲ್ಲಿ ರಿವೆಟ್ಟಿತ್ತು, ಅದರ ಹತ್ತಿರ ಕಟ್ಟರು ಹೋದರೆ ಇಡೀ ಕೆನ್ನೆ ಸೀಳಿಬಿಡುತ್ತದೆ. ನಿನ್ನ ತಲೆಯೇ ಸೊಟ್ಟಗಿದೆ ಎಂದು ಬೈಯುತ್ತ ಮತ್ತೊಮ್ಮೆ ಕೊರೆದಳು.

ಕೊನೆಗೆ ಕಿಂಡಿ ಎಷ್ಟು ದೊಡ್ಡದಾಯಿತೆಂದರೆ ಹುಬ್ಬೂ ಹೊರಗೆ ಕಾಣತೊಡಗಿತು. ಅವನ ಕಣ್ಣು ಅವಳನ್ನೇ ನೋಡುತ್ತಿತ್ತು. ಪ್ಲಾಸ್ಟಿಕ್ಕಿನ ಹಿಂದಿನ ಬಾಯಿ, ಎಡಗಡೆ ಇನ್ನೂ ಬಿಟ್ಟಿಲ್ಲ ಎನ್ನುತ್ತಿತ್ತು.

ತಂಗಿಗೆ ತಕ್ಷಣ ಹೊಳೆಯಲಿಲ್ಲ. (ತಕ್ಷಣ ಹೊಳೆಯಿತೆಂದು ಬರೆದ ಕರಡನ್ನು ಅವಳೇ ತಿದ್ದಿಸಿದಳು. ಮೊದಲು ತನಗೆ ಬಂದದ್ದು ಸಿಟ್ಟು, ಅಣ್ಣ ತಮಾಷೆ ಮಾಡುತ್ತಿದ್ದಾನೆ ಎಂದು.) ಬೆರಳನ್ನು ಎಡಗಡೆಯ ಕಿಂಡಿಯ ಹತ್ತಿರ ತಂದಳು. ಕಿಂಡಿಯೊಳಗೆ ತಂದಳು. ಕಣ್ಣು ಮಿಟುಕಲಿಲ್ಲ. ಬೆರಳು ರೆಪ್ಪೆಯ ಕೂದಲಿಗೆ ತಾಗಿತು. ಆಗ ಬೆಚ್ಚಿ ತಲೆ ಹಿಂದಕ್ಕೆಳೆದುಕೊಂಡ.

ಅವಳು ಅಂಗೈಯಿಂದ ಬಲಗಡೆಯ ಕಿಂಡಿ ಮುಚ್ಚಿದಳು. ಇನ್ನೊಂದು ಕೈಯನ್ನು ಅವನ ಮುಖದ ಮುಂದೆ ಹಿಡಿದು, ನನ್ನ ಕೈಯಲ್ಲೇನಿದೆ ಹೇಳು ಎಂದಳು.

ಹೆಲ್ಮೆಟ್ಟು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು.

“ಕತ್ತರಿ,” ಎಂದ.

ಅವಳ ಕೈಯಲ್ಲಿ ಏನೂ ಇರಲಿಲ್ಲ.

೪, ಮತ್ತೊಮ್ಮೆ

ಇಲ್ಲಿ ಜಗಳ.

ಮಹಾಶಯನ ಯೋಜನೆ ಸರಳವಾಗಿತ್ತು. ಅಣ್ಣನಿಗೆ ಒಂದು ಕಣ್ಣು ಹೋಗಿದೆ, ಕಟ್ಟೆಯ ಮೇಲೆ ಕತ್ತಿ ಕಾಳಗವಿದೆ, ಬೀಳುತ್ತಾನೋ ಇಲ್ಲವೋ ಎಂದು ಕೊನೆಯವರೆಗೆ ಓದಿಸಿಕೊಂಡು ಹೋಗಬಹುದು. ಗೋದಾಮಿನ ಗುಮಾಸ್ತನಿಗೆ ಒಂದು ಕಣ್ಣಿಲ್ಲದಿದ್ದರೆ ಹಗಲಿನಲ್ಲಿ ಯಾರಿಗೂ ತೊಂದರೆಯಿಲ್ಲ. ಮೂಟೆಗಳು ಎಡಗಡೆಯಿಂದ ನುಗ್ಗಿ ಬರುವುದಿಲ್ಲ.

ತಂಗಿ ಒಪ್ಪಲಿಲ್ಲ. “ಸಾರ್, ಅಣ್ಣ ಗುಮಾಸ್ತ ಅಲ್ಲ,” ಎಂದಳು. “ಶಾಲೆ ವ್ಯಾನ್ ಓಡಿಸ್ತಾನೆ.”

ಹಾಗೆ ಬರೆದರೆ ಓದುವವರಿಗೆ ಅವನ ಮೇಲೆ ಇರುವ ಪ್ರೀತಿಯೆಲ್ಲ ಹೊರಟುಹೋಗುತ್ತದೆ ಎಂದು ಮಹಾಶಯ ಸಮಜಾಯಿಷಿ ಕೊಟ್ಟ. ಹೆಣದ ಪಾತ್ರ, ಉಪ್ಪು ಕೇಳದ ಸ್ವಭಾವ, ಎಲ್ಲ ವ್ಯರ್ಥ.

“ನನಗೂ ಒಂದು ನಿಮಿಷ ಹೋಗಿತ್ತು,” ಎಂದಳು ತಂಗಿ. “ಅದನ್ನೂ ಬರೀರಿ.”

ಆದ್ದರಿಂದ ತಿದ್ದುಪಡಿ: ಗೋದಾಮನ್ನು ಕೆಡವಲಾಗಿದೆ. ಅಣ್ಣ ಶಾಲೆಯ ವ್ಯಾನಿನ ಚಾಲಕ. ಬೆಳಗ್ಗೆ ಸಂಜೆ, ಮನೆ ಮನೆಯ ಮುಂದೆ ನಿಲ್ಲಿಸಿ, ಮಕ್ಕಳನ್ನು ಹತ್ತಿಸಿಕೊಂಡು, ಇಳಿಸಿ ಬರುವವನು. ವ್ಯಾನಿನ ತುಂಬ ಕೂರುವ ಮಕ್ಕಳ ಸಮವಸ್ತ್ರ ಹೊಲಿಯುವವಳು ಇವಳೇ. ಯಾರ ತೋಳು ಎಷ್ಟುದ್ದ ಎಂದು ಅವಳಿಗೆ ಬಾಯಿಪಾಠ.

೫

ತಂಗಿ ಕೇಳಿದ್ದು ಎರಡೇ ಮಾತು. ಎಷ್ಟು ದಿನದಿಂದ, ಮತ್ತು ಯಾರಿಗೆ ಗೊತ್ತು.

ಅಣ್ಣ ಹೆಲ್ಮೆಟ್ಟು ತೆಗೆಯದೆಯೇ ಉತ್ತರ ಕೊಟ್ಟ. ಒಳಗಿನಿಂದ ಮಾತು ಗಡಿಗೆಯೊಳಗಿಂದ ಬಂದಂತೆ ಬರುತ್ತಿತ್ತು. ಮೊದಲು ಮಂಜು ಕವಿದ ಹಾಗಿತ್ತು, ಆಮೇಲೆ ಮಧ್ಯದಲ್ಲಿ ಖಾಲಿಯಾಯಿತು, ಈಗ ಹೊರ ಅಂಚಿನಲ್ಲಿ, ಕಿವಿಯ ಕಡೆಗೆ, ಒಂದು ಚೂರು ಬೆಳಕಿದೆ. ಆ ಚೂರು ಸಾಕು, ಕನ್ನಡಿಗಳಿವೆ, ಬಲಗಣ್ಣಿದೆ, ಈ ದಾರಿಗಳೆಲ್ಲ ಕಾಲಿಗೇ ಗೊತ್ತು. ಹೆಲ್ಮೆಟ್ಟು ಹಾಕಿದ ಮೇಲೆ ಆ ಚೂರೂ ಕಾಣದೆ ಹೋದಾಗ ನಿಜವಾಗಿಯೂ ಪ್ಲಾಸ್ಟಿಕ್ಕು ಅಡ್ಡ ಇದೆ ಎಂದುಕೊಂಡೆ, ನಿನಗೆ ಸುಳ್ಳು ಹೇಳಲಿಲ್ಲ ಎಂದ. ನಾಟಕ ಮುಗಿಯಲಿ, ಡಾಕ್ಟರಿಗೆ ತೋರಿಸುತ್ತೇನೆ ಎಂದ.

ಇವತ್ತೇನೋ ಮಧ್ಯಾಹ್ನಕ್ಕೇ ಶಾಲೆ ಬಿಟ್ಟಿತ್ತು, ವ್ಯಾನು ನಾಳೆ ಬೆಳಗ್ಗೆ ಇದೆಯಲ್ಲ ಎಂದಳು ತಂಗಿ.

ಅದಕ್ಕೂ ಅಣ್ಣ ಉತ್ತರ ಇಟ್ಟುಕೊಂಡಿದ್ದ.

“ನಿನ್ನ ಅತ್ತಿಗೆ ಪಕ್ಕದಲ್ಲೇ ಕೂತಿರ್ತಾಳಲ್ಲ. ಎಡಗಡೆ ಏನು ಬಂದ್ರೂ ಹೇಳ್ತಾಳೆ.”

ಅತ್ತಿಗೆ ಅದೇ ವ್ಯಾನಿನಲ್ಲಿ ಮಕ್ಕಳನ್ನು ಕೈಹಿಡಿದು ಇಳಿಸುವ ಕೆಲಸದವಳು. ಚಾಲಕನ ಎಡಗಡೆಯ ಸೀಟು ಅವಳದು. ಸ್ಕೂಟರ್ ಬಂತು, ನಾಯಿ ಇದೆ, ಗೇಟಿನ ಹತ್ತಿರ ಅಜ್ಜಿ ನಿಂತಿದ್ದಾಳೆ: ಅವಳು ಹೀಗೆ ಹೇಳುತ್ತಾ ಹೋಗುವುದನ್ನು ತಂಗಿಯೂ ಒಂದೆರಡು ಸಲ ವ್ಯಾನಿನಲ್ಲಿ ಬರುವಾಗ ಕೇಳಿದ್ದಳು. ಬಾಯಿ ಸುಮ್ಮನಿರದ ಹೆಂಗಸು ಎಂದುಕೊಂಡಿದ್ದಳು. ಅದು ವಟವಟವಲ್ಲ, ಅಣ್ಣನ ಎಡಗಣ್ಣು ಎಂದು ಈಗ ಅರ್ಥವಾಯಿತು.

“ಅತ್ತಿಗೆಗೆ ಸೀನು ಬಂದ್ರೆ?” ಎಂದಳು.

ಅಣ್ಣ ಗಲ್ಲದ ಬೆಲ್ಟಿಗೆ ಕೈ ಹಾಕಿದ.

ತಂಗಿ ಎದ್ದಳು. ಹೊಲಿಗೆ ಯಂತ್ರದ ಪಕ್ಕ ಅವನ ಪರ್ಸು, ಬಾಚಣಿಗೆ, ವ್ಯಾನಿನ ಕೀಲಿ ಇದ್ದವು. ಕೀಲಿ ತೆಗೆದುಕೊಂಡು ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಾಗಿಲು ದಾಟಿ ಬೀದಿಗಿಳಿದಳು. ಎಲ್ಲಿಗೆ ಹೋಗಬೇಕೆಂದು ಅವಳಿಗೂ ತಿಳಿದಿರಲಿಲ್ಲ. ಕೀಲಿ ಅವನ ಕೈಯಲ್ಲಿ ಇರಬಾರದು, ಅಷ್ಟೇ.

೬

ಈ ಜಾಗದಲ್ಲಿ ಮಹಾಶಯನ ಹತ್ತಿರ ಬೇರೆ ಬೇರೆ ದಾರಿಗಳಿದ್ದವು. ಅವಳು ನೇರ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯ ಮುಂದೆ ಕೀಲಿ ಇಡಬಹುದಿತ್ತು. ನ್ಯಾಯವಾದ ದಾರಿ, ಆದರೆ ಬರೆಯಲು ಹೋದರೆ ಸಭೆಯ ವರದಿಯಂತಾಯಿತು. ಕೀಲಿಯನ್ನು ಚರಂಡಿಗೆ ಎಸೆಯಬಹುದಿತ್ತು. ಶಾಲೆಯಲ್ಲಿ ಇನ್ನೊಂದು ಕೀಲಿ ಇದೆ ಎಂದು ಅವಳೇ ನೆನಪಿಸಿದಳು. ಅವಳು ಬೀದಿಯಲ್ಲಿ ಕುಸಿದು ಅಳಬಹುದಿತ್ತು. ಆ ದಾರಿಯನ್ನು ಓದಿ ಅವಳು, ಅಷ್ಟು ಹೊತ್ತು ಎಲ್ಲಿತ್ತು ಸಾರ್ ನನಗೆ ಎಂದಳು.

ನಡೆದದ್ದು ಇದು.

ಅಣ್ಣ ಹೆಲ್ಮೆಟ್ಟು, ಎದೆಕವಚ ಸಮೇತ ಅವಳ ಹಿಂದೆಯೇ ಬೀದಿಗೆ ಬಂದ. ಗಲ್ಲದ ಬೆಲ್ಟು ಹೊಸದಾಗಿ ಬಿಗಿದದ್ದು, ಅವಸರದಲ್ಲಿ ಅವನ ಕೈಗೆ ಬಿಚ್ಚಲು ಬಂದಿರಲಿಲ್ಲ. ಬೀಗ ರಿಪೇರಿಯವನು ತಲೆಯೆತ್ತಿ ನೋಡಿದ. ಔಷಧಿ ಅಂಗಡಿಯ ಮುಂದೆ ನಿಂತಿದ್ದವರು ಫೋನು ತೆಗೆದರು. ಹಗಲು ಬೆಳಕಿನಲ್ಲಿ ಒಬ್ಬ ರಾಜ ‘ಸೂಜಿ, ಸೂಜಿ’ ಎಂದು ಕರೆಯುತ್ತ ದಾಪುಗಾಲು ಹಾಕುತ್ತಿದ್ದ; ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎಂದುಕೊಂಡು ಒಬ್ಬಾಕೆ ಬಗ್ಗಿ ನೆಲ ನೋಡಿದಳು.

ತಂಗಿ ಓಡುವುದನ್ನು ನಿಲ್ಲಿಸಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೈದರೆ ಬೈಯಲಿ, ಕೈ ಹಿಡಿದು ಕೀಲಿ ಕಸಿದುಕೊಂಡರೆ ನೋಡಿಕೊಳ್ಳೋಣ ಎಂದು ಮುಷ್ಟಿ ಬಿಗಿ ಮಾಡಿಕೊಂಡಳು. ಅವನು ಹತ್ತಿರ ಬಂದ. ಅವಳ ಮುಂದೆಯೇ, ಅವಳು ಅವನ ಎಡಗಡೆಗೆ ಬರುವಂತೆ, ನಿಂತುಕೊಂಡ. ಕೈ ಚಾಚಿದರೆ ಅವನ ತೋಳು ಸಿಗುವಷ್ಟು ಹತ್ತಿರ. ಬಲಕ್ಕೆ ನೋಡಿದ, ಮುಂದಕ್ಕೆ ನೋಡಿದ. ಮತ್ತೆ ಕರೆದ. ಬೀಗದವನನ್ನು, ಇಲ್ಲಿ ಒಬ್ಬ ಹೆಂಗಸು ಬಂದಳಲ್ಲ, ಯಾವ ಕಡೆ ಹೋದಳು ಎಂದು ಕೇಳಿದ.

ಬೀಗದವನು ಅಣ್ಣನನ್ನು ನೋಡಿದ, ಗೋಡೆಗಂಟಿ ನಿಂತ ತಂಗಿಯನ್ನು ನೋಡಿದ. ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ.

ಆ ಬೀಗದವನ ಮುಖ ನೋಡಿ ಅಣ್ಣನಿಗೆ ಅರ್ಥವಾಯಿತು. ಅವನ ಭುಜಗಳು ಇಳಿದದ್ದನ್ನು ಕವಚದ ಮೇಲಿಂದಲೂ ಕಾಣಬಹುದಿತ್ತು.

“ಇಲ್ಲೇ ಇದೀನಣ್ಣ,” ಎಂದಳು ತಂಗಿ.

ಅವನು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಅವಳು ಪಕ್ಕದಲ್ಲಿ ಕೂತು ಬೆಲ್ಟು ಬಿಚ್ಚಿ ಹೆಲ್ಮೆಟ್ಟು ತೆಗೆದಳು. ತಲೆಗೂದಲು ಬೆವರಿಗೆ ಒದ್ದೆಯಾಗಿತ್ತು. ಫೋನು ಹಿಡಿದಿದ್ದವರು ಏನೋ ಮುಗಿಯಿತೆಂದುಕೊಂಡು ಚದುರಿದರು. ಅವನು ಅಂಗೈಯಿಂದ ಮುಖ ಒರೆಸಿಕೊಂಡು ಅವಳ ಫೋನು ಕೇಳಿದ. ನಾಳೆ ಮಕ್ಕಳು ಗೇಟಿನಲ್ಲಿ ಕಾಯುತ್ತಾ ನಿಂತಿರುತ್ತಾರೆ, ಹೇಳಬೇಕಲ್ಲ ಎಂದ. ಶಾಲೆಗೆ ಫೋನು ಮಾಡಿ, ಗಾಡಿ ಕೆಟ್ಟಿದೆ, ನಾಳೆಯಿಂದ ಬರುವುದಿಲ್ಲ, ಬೇರೆ ಏರ್ಪಾಡು ಮಾಡಿಕೊಳ್ಳಿ ಎಂದ.

ಅದು ಸುಳ್ಳೆಂದು ತಂಗಿಗೆ ಗೊತ್ತಿತ್ತು. ಆ ಸಂಜೆಯ ಮಟ್ಟಿಗೆ ಅಷ್ಟು ಸಾಕೆಂದು ಸುಮ್ಮನಿದ್ದಳು.

೮

(ಏಳನೆಯದರಲ್ಲಿ ಕಣ್ಣಿನ ಆಸ್ಪತ್ರೆಯ ಕಾಯುವ ಕೋಣೆಯ ದೀರ್ಘ ವರ್ಣನೆ ಇತ್ತು. ಕುರ್ಚಿಗಳ ಬಣ್ಣವೂ ಇತ್ತು. ಓದಿ ನೋಡಿದರೆ ಕಾದಷ್ಟೇ ಬೇಸರವಾಯಿತು.)

ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ. ಬಲಗಣ್ಣಿನಲ್ಲೂ ಅದೇ ಶುರುವಾಗಿದೆ, ಅದನ್ನು ದಿನವೂ ಹನಿ ಹಾಕಿ ಉಳಿಸಿಕೊಳ್ಳಬಹುದು. ನೀವು ನಾಟಕ ಮುಗಿಸಿ ಬರೋಣ ಎಂದುಕೊಳ್ಳದೆ ಈಗಲೇ ಬಂದದ್ದು ಒಳ್ಳೆಯದಾಯಿತು ಎಂದರು. ಅಣ್ಣ ತಂಗಿಯ ಕಡೆಗೆ ತಿರುಗಿ ನೋಡಿದ. ಅವಳು ಅವನ ಬಲಗಡೆಗೇ ಕೂತಿದ್ದಳು, ಆದ್ದರಿಂದ ಕಂಡಳು.

ಅಲ್ಲಿಂದ ನೇರವಾಗಿ ಶಾಲೆಗೆ ಹೋದರು. ತಂಗಿ ಕೀಲಿಯನ್ನು ಅವನ ಕೈಗೆ ಕೊಟ್ಟು ಗೇಟಿನ ಹೊರಗೇ ನಿಂತಳು. ಮಾತು ಅವಳಿಗೆ ಕೇಳಿಸಿತು. ಕಚೇರಿಯ ಕಿಟಕಿ ತೆರೆದಿತ್ತು.

“ಗಾಡಿಗೇನೂ ಆಗಿಲ್ಲ ಮೇಡಂ,” ಎಂದ ಅಣ್ಣ. “ಕೆಟ್ಟಿರೋದು ನಾನು.”

ಕೀಲಿಯನ್ನು ಮೇಜಿನ ಮೇಲಿಟ್ಟ ಸದ್ದೂ ಕೇಳಿಸಿತು. ಆಮೇಲೆ ಬಹಳ ಹೊತ್ತು ಬೈಗುಳ. ಬೈಯಬೇಕಾದ್ದೇ, ಬೈದರು. ಅಣ್ಣ ಹೆಣದ ಪಾತ್ರದಲ್ಲಿದ್ದಂತೆ ಅಲ್ಲಾಡದೆ ನಿಂತು ಕೇಳಿಸಿಕೊಂಡ.

ಇಷ್ಟಕ್ಕೆ ಎಲ್ಲರೂ ನಿರಾಳವಾದರು ಎಂದು ಬರೆಯಬಹುದು, ಆದರೆ ಅತ್ತಿಗೆ ಇದ್ದಾಳಲ್ಲ. ವಿಷಯ ತಿಳಿದ ದಿನ ಅವಳು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಬಾ ಎಂದರೂ ಬರದೆ, ಹೇಳಬೇಕಾದ್ದನ್ನು ಹೇಳಿದಳು. ನಾನು ಒಂದು ದಿನವೂ ತಪ್ಪಿಸಿಲ್ಲ, ಜ್ವರ ಬಂದಾಗಲೂ ಹೋಗಿ ಕೂತಿದ್ದೇನೆ, ಕಣ್ಣು ಮಿಟುಕಿಸಲೂ ಹೆದರಿದ್ದೇನೆ, ಒಂದು ಮಗುವಿಗೂ ಒಂದು ಗೀರು ಆಗಿಲ್ಲ ಎಂದಳು.

“ನೀನು ಒಂದು ಮಧ್ಯಾಹ್ನ ನೋಡಿದೆ,” ಎಂದಳು. “ನಾನು ದಿನಾ ನೋಡಿದೀನಿ.”

“ಅದಕ್ಕೇ ಅತ್ತಿಗೆ,” ಎಂದಳು ತಂಗಿ. “ನಿಮಗೆಷ್ಟು ಭಯ ಆಗಿರಬೇಕು.”

ಅತ್ತಿಗೆಯ ಮುಖ ಒಂದು ಕ್ಷಣ ಸಡಿಲವಾಯಿತು. ಮತ್ತೆ ಗಂಟಾಯಿತು. ಹೊರಟುಹೋದಳು. ಆಮೇಲೆ ಮಾತಾಡಿಲ್ಲ. ಶಾಲೆಯವರು ಅವಳನ್ನು ಕೆಲಸದಿಂದ ತೆಗೆಯಬೇಕೆಂದಿದ್ದರಂತೆ, ಮಕ್ಕಳ ತಾಯಂದಿರು ಕೆಲವರು ಹೋಗಿ ಬೇಡವೆಂದರಂತೆ. ಈಗಲೂ ವ್ಯಾನಿನಲ್ಲಿ ಎಡಗಡೆ ಅವಳೇ. ಅಭ್ಯಾಸಬಲದಿಂದ ಸ್ಕೂಟರ್ ಬಂತು, ನಾಯಿ ಇದೆ ಎನ್ನುತ್ತಾಳೆ. ಹೊಸ ಡ್ರೈವರಿಗೆ ಸಿಟ್ಟು ಬರುತ್ತದೆ.

(ಅತ್ತಿಗೆಯೇ ಡ್ರೈವಿಂಗ್ ಕಲಿತಳು ಎಂಬ ಒಂದು ಕೊನೆಯನ್ನು ಮಹಾಶಯ ಬರೆದಿಟ್ಟುಕೊಂಡಿದ್ದಾನೆ. ಅಣ್ಣ ತಂಗಿಯ ಜೊತೆ ಕೂತು ಗುಂಡಿ ಹೊಲಿಯತೊಡಗಿದ ಎಂಬ ಇನ್ನೊಂದನ್ನೂ. ಮೊದಲನೆಯದನ್ನು ಅತ್ತಿಗೆಗೆ ತೋರಿಸುವ ಧೈರ್ಯ ಬಂದಿಲ್ಲ. ಎರಡನೆಯದನ್ನು ಓದಿ ತಂಗಿ, ಎರಡು ಕಣ್ಣಿದ್ದಾಗಲೇ ಅವನಿಗೆ ಸೂಜಿಗೆ ದಾರ ಪೋಣಿಸೋಕೆ ಬರ್ತಿರಲಿಲ್ಲ ಎಂದಳು. ನಿಜವೇನೆಂದರೆ ಅಣ್ಣನಿಗೆ ಈಗ ಕೆಲಸವಿಲ್ಲ. ಎಲ್ಲ ಕಡೆಗೂ ನಡೆದೇ ಹೋಗುತ್ತಾನೆ, ಸುಮ್ಮನೆ ಕೂರುವುದಿಲ್ಲ.)

ನಿರ್ದೇಶಕಿಗೂ ಅಣ್ಣನೇ ಹೋಗಿ ಹೇಳಿದ. ಅವರು ಮೊದಲು ಹಣೆ ಹಿಡಿದುಕೊಂಡರು. ಕಾಳಗದ ಎದುರಾಳಿಯ ಪಾತ್ರದವನಿಗೆ ರಾಜನ ಮಾತುಗಳೆಲ್ಲ ಬಾಯಿಗೆ ಬರುತ್ತವೆ, ಅವನಿಗೆ ಕೊಡಬಹುದು ಎಂದು ಗಟ್ಟಿಯಾಗಿಯೇ ಯೋಚಿಸಿದರು. ಅಣ್ಣ ಎರಡನೆಯ ಸಲ ಕೇಳಿದ. ಬದುಕಿನಲ್ಲಿ ಒಂದೇ ವಸ್ತುವನ್ನು ಎರಡು ಸಲ ಕೇಳಿದ್ದು ಅದೊಂದೇ ಇರಬೇಕು. ಅವರು ಎದುರಾಳಿಯನ್ನು ಬಲಗಡೆಯಿಂದ ಬರಿಸಿ, ಕಟ್ಟೆಯಿಂದ ಹಾರುವುದನ್ನು ತೆಗೆದು, ಮೆಟ್ಟಿಲಿಳಿಯುವುದನ್ನು ಇಟ್ಟು, ನೋಡೋಣ ಎಂದರು.

ಕೊನೆ

(ಮಹಾಶಯ ಈ ತಲೆಬರಹವನ್ನು ಹಾಕಿದ್ದು ಒಂದು ಆಸೆಗೆ. ಹಾಕಿದರೆ ಆಗುತ್ತದೇನೋ ಎಂದು.)

ಪ್ರದರ್ಶನದ ದಿನ, ರಂಗದ ಹಿಂದಿನ ಕೋಣೆ. ಹೊರಗೆ ಜನ ಕುರ್ಚಿ ಎಳೆದು ಕೂರುತ್ತಿರುವ ಸದ್ದು. ಹೆಲ್ಮೆಟ್ಟಿಗೆ ಬೆಳ್ಳಿ ಬಣ್ಣ ಬಂದಿದೆ, ನೆತ್ತಿಯ ಏಣು ಮಿನುಗುತ್ತಿದೆ, ಕಿವಿಯ ಮೇಲಿನ ತೇಪೆ ಯಾರಿಗೂ ಕಾಣುವುದಿಲ್ಲ. ಆದರೆ ಎಡಗಡೆಯ ಕಿಂಡಿ ಬಾಯಿ ಬಿಟ್ಟುಕೊಂಡು ಕೂತಿದೆ. ಬಲಗಡೆಯದು ಸೀಳಿದಂತೆ ಸಣ್ಣಗೆ, ಎಡಗಡೆಯದು ಗವಿ. ದೂರದಿಂದಲೂ ಎದ್ದು ಕಾಣುತ್ತದೆ.

ತಂಗಿ ಅದಕ್ಕೆ ಉಪಾಯ ಮಾಡಿಕೊಂಡು ಬಂದಿದ್ದಳು. ಪೆಟ್ಟಿಗೆಯಲ್ಲಿ ಉಳಿದ ಪ್ಲಾಸ್ಟಿಕ್ಕಿನಿಂದ ಒಂದು ತಟ್ಟೆ ಕತ್ತರಿಸಿ, ಬಣ್ಣ ಹಚ್ಚಿ, ಅಂಚಿಗೆ ಸುಳ್ಳು ರಿವೆಟ್ಟು ಅಂಟಿಸಿದ್ದಳು. ಅದನ್ನು ಎಡಗಣ್ಣಿನ ಮೇಲೆ ಕೂರಿಸಿದರೆ ಹಳೆಯ ಯುದ್ಧದಲ್ಲಿ ಪೆಟ್ಟು ತಿಂದ ರಾಜನಂತೆ ಕಾಣುತ್ತಾನೆ. ನಿರ್ದೇಶಕಿ ನೋಡಿ, ಬಹಳ ಚೆನ್ನಾಗಿದೆ, ಹಾಕಿಬಿಡು ಎಂದು ಹೋಗಿದ್ದರು. ಅಂಟು ತೆರೆದಿತ್ತು. ಅಣ್ಣನ ಮುಂದೆ ನಿಂತು ತಟ್ಟೆಯನ್ನು ಕಿಂಡಿಗೆ ಹಿಡಿದು ತೋರಿಸಿದಳು.

“ಮುಚ್ಚಲಾ ಅಣ್ಣ?”

ಅವನು ಹೆಲ್ಮೆಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ. ಎಡಗಡೆಯ ಕಿಂಡಿಯೊಳಗೆ ಬೆರಳು ಹಾಕಿ ಅಂಚಿನುದ್ದಕ್ಕೂ ಸವರಿದ. ಕಿವಿಯ ಕಡೆಯ ಮೂಲೆಗೆ ಬಂದು ಬೆರಳು ನಿಂತಿತು.

“ಬೇಡ,” ಎಂದ. “ಇಲ್ಲಿ ಇನ್ನೊಂಚೂರು ಕೊರಿ. ಆ ಅಂಚಲ್ಲಿ ನನಗಿನ್ನೂ ಸ್ವಲ್ಪ ಬೆಳಕಿದೆ.”

ಅಲ್ಲಿ ರಿವೆಟ್ಟಿದೆ, ಸೀಳಿದರೆ ರಂಗದ ಮೇಲೆ ಮುಖವೇ ಕಳಚಿ ಬೀಳುತ್ತದೆ ಎಂದಳು. ಗೊತ್ತು ಎಂದ.

ಅವಳು ಡ್ರೈಯರು ಹಚ್ಚಿದಳು. ಪ್ಲಾಸ್ಟಿಕ್ಕು ಬೆಚ್ಚಗಾಗುವವರೆಗೆ ಕಾದಳು. ಕಟ್ಟರಿನ ಮೊನೆಯನ್ನು ಮೂಲೆಯಲ್ಲಿಟ್ಟು, ಉಸಿರು ಹಿಡಿದು, ಹಗುರವಾಗಿ ಒಂದು ಗೆರೆ ಎಳೆದಳು. ಮತ್ತೆ ಅದೇ ಗೆರೆ. ಹೊರಗೆ ಮೊದಲ ಗಂಟೆ ಬಾರಿಸಿತು. ಅಣ್ಣ ಕಣ್ಣು ಮುಚ್ಚಿಕೊಂಡು ಮೊದಲ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ.

ಇಲ್ಲಿಗೆ ಬಂದಾಗ ಮಹಾಶಯನಿಗೆ ತಾಳ್ಮೆ ಉಳಿಯಲಿಲ್ಲ. ತಡೆಯಿತೇ, ಸೀಳಿತೇ, ಅವನು ಮೆಟ್ಟಿಲಿಳಿದನೇ, ಜನ ಅವನ ಮುಖ ನೋಡಿದರೇ, ಅತ್ತಿಗೆ ಬಂದಿದ್ದಳೇ, ಓದುವವರಿಗೆ ಏನೆಂದು ಹೇಳಲಿ ಎಂದು ಒಂದೇ ಉಸಿರಿನಲ್ಲಿ ಕೇಳಿದ.

ತಂಗಿ ತಲೆಯೆತ್ತಲಿಲ್ಲ.

“ಮಾತಾಡಿಸಬೇಡಿ ಸಾರ್,” ಎಂದಳು. “ಕೈ ಅಲ್ಲಾಡುತ್ತೆ.”